ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಏಕೆ?

ಮೈಸೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಇದೇ ಕಥೆ. ಸ್ನಾನದ ಮನೆಯ ಗೋಡೆಗೇ ಗ್ಯಾಸ್ ಗೀಸರ್. ಇರುವ ಒಂದು ಕಿಂಡಿಗೂ ಸೊಳ್ಳೆ ಬರುತ್ತದೆಂದು ಪ್ಲಾಸ್ಟಿಕ್ ಹಾಳೆ ಹೊಡೆದಿರುತ್ತಾರೆ. ಕೇಳಿದರೆ ಮಾಲೀಕರು, "ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಸಾರ್" ಎನ್ನುತ್ತಾರೆ. ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಗೀಸರ್ ಆ ಪುಟ್ಟ ಕೋಣೆಯ ಆಮ್ಲಜನಕವನ್ನೇ ಎಳೆದುಕೊಂಡು ಉರಿಯುತ್ತದೆ. ಅದು ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ನಾತವಾದರೂ ಬರುತ್ತದೆ. ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತಿ, ಚಿಲಕ ತೆಗೆಯಲೂ ಕೈ ಬಾರದೆ ಜನ ಅಲ್ಲೇ ಕುಸಿಯುತ್ತಾರೆ. ಚಳಿಗಾಲ ಬಂತೆಂದರೆ ಪತ್ರಿಕೆಯಲ್ಲಿ ಇಂಥ ಸುದ್ದಿ ಓದಬೇಕಾಗುತ್ತದೆ.

ಇನ್ನು ದುರಸ್ತಿಗೆ ಬರುವವರು. ಕಳೆದ ಸಲ ನಮ್ಮ ಮನೆಗೆ ಬಂದಾತ ಬ್ಯಾಟರಿ ಬದಲಿಸಿ, ಟಪ್ಪೆಂದು ಹೊತ್ತಿಕೊಂಡದ್ದನ್ನು ತೋರಿಸಿ ಹಣ ಕೇಳಿದ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿ ಮೇಲಕ್ಕೆ ನಾಲಿಗೆ ಚಾಚುತ್ತಿತ್ತು, ಬರ್ನರ್ ಮೇಲೆ ಮಸಿ ಕಟ್ಟಿತ್ತು. ಬಿಚ್ಚಿ ಶುಚಿ ಮಾಡಪ್ಪ ಎಂದರೆ, "ಬಿಸಿನೀರು ಬರುತ್ತಿದೆಯಲ್ಲ" ಎಂದ! ಬೋರ್‌ವೆಲ್ ನೀರಿನ ಸುಣ್ಣ ಒಳಗಿನ ಕೊಳವೆಯಲ್ಲಿ ಕಟ್ಟಿಕೊಂಡಿದೆಯೇ, ರಬ್ಬರ್ ಪೈಪಿನ ಮೇಲೆ ಅಚ್ಚಾದ ಅವಧಿ ಮುಗಿದಿದೆಯೇ, ಯಾವುದನ್ನೂ ನೋಡಲಿಲ್ಲ.

ಗೀಸರನ್ನು ಹೊರಗಿನ ಗೋಡೆಗೆ ಹಾಕಿ ಬಿಸಿನೀರಿನ ಕೊಳವೆಯನ್ನಷ್ಟೇ ಒಳಕ್ಕೆ ಎಳೆದರೆ ಎಷ್ಟು ಖರ್ಚಾದೀತು? ಗ್ರಾನೈಟ್ ನೆಲಕ್ಕೆ ಲಕ್ಷಗಟ್ಟಲೆ ಸುರಿಯುವ ಮಾಲೀಕರಿಗೆ ನಾಲ್ಕಡಿ ಪೈಪ್ ಭಾರವೇ?