ಮುಳ್ಳು ನೋಡಿ ಅಳೆದ ವೇಗೋತ್ಕರ್ಷ

ಡ್ಯಾಶ್‌ಬೋರ್ಡಿನ ಮುಳ್ಳು ನೂರು ಮುಟ್ಟಿದೊಡನೆ ಮೊಬೈಲಿನ ಸ್ಟಾಪ್‌ವಾಚ್ ನಿಲ್ಲಿಸಿ, ಒಂದು ಡೀಸೆಲ್ ಕಾರು ಸೊನ್ನೆಯಿಂದ ಗಂಟೆಗೆ ನೂರು ಕಿ.ಮೀ. ವೇಗಕ್ಕೆ 11.2 ಸೆಕೆಂಡಿನಲ್ಲಿ ತಲುಪುತ್ತದೆ ಎಂದು ಆ ಕಾರಿನ ವಿಮರ್ಶಾ ಲೇಖನದಲ್ಲಿ ಲೇಖಕರು ದಶಮಾಂಶ ಸಮೇತ ಬರೆದಿರುವುದನ್ನು ಒಪ್ಪುವುದು ಕಷ್ಟ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಆದರೆ ಶೇ. 10ರ ಜೊತೆಗೆ ಇನ್ನೂ 4 ಕಿ.ಮೀ.ವರೆಗೆ ಹೆಚ್ಚು ತೋರಿಸಬಹುದು ಎನ್ನುತ್ತದೆ ವಿಶ್ವಸಂಸ್ಥೆಯ 39ನೇ ವಾಹನ ನಿಯಮ. ಅಂದರೆ ಮುಳ್ಳು ನೂರರಲ್ಲಿರುವಾಗ ಕಾರು 88ರಲ್ಲಿ ಓಡುತ್ತಿದ್ದರೂ ಅದು ನಿಯಮಬದ್ಧವೇ. ರಸ್ತೆಯ ಇಳಿಜಾರಿನ ಮಾತಂತೂ ಲೇಖನದಲ್ಲಿ ಇಲ್ಲವೇ ಇಲ್ಲ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ, ಕಣ್ಣಿಗೆ ಸಮತಟ್ಟೆಂದೇ ಕಾಣುವ ರಸ್ತೆಯು 12 ಸೆಕೆಂಡಿನ ಕಾರಿಗೆ ಸುಮಾರು ಅರ್ಧ ಸೆಕೆಂಡನ್ನು ಪುಕ್ಕಟೆಯಾಗಿ ಕೊಡುತ್ತದೆ. ಜಿಪಿಎಸ್ ಲಾಗರ್ (ಉಪಗ್ರಹ ಸಂಕೇತದಿಂದ ವೇಗವನ್ನು ದಾಖಲಿಸುವ ಉಪಕರಣ) ಇಟ್ಟು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುವುದು ಇದಕ್ಕಾಗಿಯೇ. (ಸೆಕೆಂಡಿಗೊಮ್ಮೆ ಲೆಕ್ಕ ಕೊಡುವ ಫೋನಿನ ಜಿಪಿಎಸ್ ಈ ಕೆಲಸಕ್ಕೆ ಸಾಲದು.) ಅದಕ್ಕಿಂತ ಮುಖ್ಯವಾಗಿ, ಸಂಸಾರ ಸಮೇತ ಹೊರಟ ಡೀಸೆಲ್ ಕಾರಿಗೆ ನಿಂತಲ್ಲಿಂದ ನೂರು ಎಂಬ ಲೆಕ್ಕದಿಂದ ಆಗಬೇಕಾದದ್ದು ಅಷ್ಟಕ್ಕಷ್ಟೆ. ಲಾರಿಯ ಹಿಂದೆ ನಾಲ್ಕನೇ ಗೇರಿನಲ್ಲಿ 50ರಲ್ಲಿ ಸಿಕ್ಕಿಕೊಂಡಾಗ, ಎಂಜಿನ್ ನಿಮಿಷಕ್ಕೆ 1,500 ಸುತ್ತಿಗಿಂತ ಕೆಳಗಿದ್ದು, ಅದಕ್ಕೆ ಹೆಚ್ಚು ಗಾಳಿ ತುಂಬುವ ಟರ್ಬೊ ಇನ್ನೂ ಒತ್ತಡ ಕಟ್ಟಿಕೊಳ್ಳುತ್ತಿರುವ ಗಳಿಗೆಯಿಂದ 80 ತಲುಪಲು ಎಷ್ಟು ಹೊತ್ತು ಬೇಕು, ಎಸಿ ಹಾಕಿ ಐದು ಜನ ಕೂತಾಗ ಆ ಹೊತ್ತು ಎಷ್ಟು ಹಿಗ್ಗುತ್ತದೆ ಎಂಬುದನ್ನು ಅಳೆದು ಬರೆದಿದ್ದರೆ ಕೊಳ್ಳುವವರಿಗೆ ಪ್ರಯೋಜನವಾಗುತ್ತಿತ್ತು.