ಗೇಮಿಂಗಿಗಲ್ಲ ಮಾರಾಯಾ, ಬಯಲಾಟಕ್ಕೆ!

ನಿನ್ನೆ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವ ನಾಲ್ಕನೇ ಸಲ ಕೇಳಿದ: "ಚೇಟ್ಟಾ, ಗೇಮಿಂಗಿಗಾ?" ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ಯಕ್ಷಗಾನ ಬಯಲಾಟದ ವಿಡಿಯೋ ಎಡಿಟ್ ಮಾಡ್ಲಿಕ್ಕೆ ಒಂದು ಕಂಪ್ಯೂಟರ್ ಕೇಳಿದ್ದು ಅಷ್ಟು ದೊಡ್ಡ ಅಪರಾಧವಾ?

ಅವ ತೋರಿಸಿದ್ದು ಏಳು ಬಣ್ಣದ ಫ್ಯಾನ್ ತಿರುಗುವ ಪೆಟ್ಟಿಗೆ, ಕೋಲದ ದಿನ ದೈವಸ್ಥಾನಕ್ಕೆ ಹಾಕಿದ ಸೀರಿಯಲ್ ಸೆಟ್ಟಿನ ಹಾಗೆ. ರ್‍ಯಾಮ್, ಅಂದ್ರೆ ಕೆಲಸ ನಡೆಯುವಾಗಿನ ಮೆಮೊರಿ? 8 ಜಿಬಿ. ಗ್ರಾಫಿಕ್ಸ್ ಕಾರ್ಡ್? "ಅದು ಬೇರೆ ಹಾಕ್ಬೇಕು." ಎಸ್‌ಎಸ್‌ಡಿ, ಅಂದ್ರೆ ಫೈಲು ಇಡುವ ಜಾಗ? 256 ಜಿಬಿ. ನನ್ನ ಮೊಬೈಲಿನ ಫೋರ್‌ಕೆ ವಿಡಿಯೋ ನಿಮಿಷಕ್ಕೆ ಸುಮಾರು 350 ಎಂಬಿ ನುಂಗ್ತದೆ. ಮೂರು ಗಂಟೆಯ ಆಟಕ್ಕೇ 60 ಜಿಬಿ ದಾಟಿತು. ವಿಂಡೋಸ್ ಎಲ್ಲಿ ಕೂರಬೇಕು, ಮಹಿಷಾಸುರ ಎಲ್ಲಿ ಕುಣಿಯಬೇಕು?

ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಚೆಂಡೆಯ ಪೆಟ್ಟು ಈಗ ಕೇಳ್ತದೆ, ಕೋಲು ಇಳಿಯುವುದು ಆಮೇಲೆ. ರೆಂಡರ್, ಅಂದ್ರೆ ಎಡಿಟ್ ಆದದ್ದನ್ನು ಒಂದು ವಿಡಿಯೋ ಮಾಡುವ ಕೆಲಸ, 97 ಪರ್ಸೆಂಟಿಗೆ ಬಂದಾಗಲೇ ಕರೆಂಟ್ ಹೋಗ್ತದೆ. ಬ್ಯಾಟರಿ ಸತ್ತು ಎರಡು ಮಳೆಗಾಲವಾಯ್ತು.

ಇನ್ನು ಸಲಹೆಗಾರರು! ಬೆಂಗಳೂರಿನ ಅಳಿಯನಿಗೆ "ಮ್ಯಾಕ್ ತೆಕ್ಕೊಳ್ಳಿ ಮಾವ" ಅನ್ಲಿಕ್ಕೆ ಎಂತ ಖರ್ಚು? ಅದಕ್ಕೆ ಮತ್ತೆ ರ್‍ಯಾಮ್ ಹಾಕ್ಲಿಕ್ಕೂ ಆಗುವುದಿಲ್ಲ. ಬೇಕಾದಷ್ಟು ಈಗಲೇ ಹಾಕಿಸ್ಲಿಕ್ಕೆ ಪೂರಾ ಅಡಿಕೆ ಮಾರಬೇಕು. ಎದುರುಮನೆಯವರದ್ದು "ಐ7 ಪ್ರೊಸೆಸರ್ ಇದ್ರೆ ಸಾಕು". ಯಾವ ಐ7 ಸ್ವಾಮೀ? 2008ರಲ್ಲಿ ಬಂದದ್ದೂ ಐ7 ಅಲ್ವಾ?

ಇದನ್ನು ಬರೀತಿರುವಾಗಲೇ ಅಂಗಡಿಯವನ ವಾಟ್ಸಾಪ್ ಬಂತು: ಇವತ್ತೇ ತೆಕ್ಕೊಂಡ್ರೆ ಮೌಸ್‌ಪ್ಯಾಡ್ ಫ್ರೀ ಅಂತೆ.