ಹಾರುವ ತಟ್ಟೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ

ಆಕಾಶದಲ್ಲಿ ಏನೋ ಕಂಡಿತು ಎಂದು ಪೈಲಟ್ ಹೇಳಿದರೆ ಮೊದಲು ತಪಾಸಣೆ ಆಗುವುದು ಪೈಲಟ್‌ಗೇ. 1986ರ ನವೆಂಬರ್ 17ರ ಸಂಜೆ ಅಲಾಸ್ಕಾದ ಮೇಲೆ 35,000 ಅಡಿಯಲ್ಲಿ ಬರುತ್ತಿದ್ದ ಜಪಾನ್ ಏರ್‌ಲೈನ್ಸ್ 1628ರ ಕ್ಯಾಪ್ಟನ್ ಕೆಂಜು ತೆರಾವುಚಿ ಅವರಿಗೂ ಅದೇ ಮರ್ಯಾದೆ ಸಿಕ್ಕಿತು. ಬೋಯಿಂಗ್ 747 ಸರಕು ವಿಮಾನ, ಪ್ಯಾರಿಸ್‌ನಿಂದ ಟೋಕಿಯೋಗೆ, ಹೊಟ್ಟೆಯಲ್ಲಿ ಫ್ರೆಂಚ್ ವೈನ್. ಆಂಕರೇಜ್‌ನಲ್ಲಿ ಇಳಿದ ಮೇಲೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಮೂವರನ್ನೂ ವಿಚಾರಿಸಿತು. ಬುದ್ಧಿ ಸ್ವಸ್ಥವಾಗಿದೆ, ಮದ್ಯ ಮುಟ್ಟಿಲ್ಲ ಎಂದು ಷರಾ ಬಿತ್ತು. ವೈನ್ ಸುರಕ್ಷಿತವಾಗಿದೆ ಎಂಬುದಂತೂ ಸಾಬೀತಾಯಿತು.

ಕ್ಯಾಪ್ಟನ್ ಹೇಳಿದ್ದೂ ಸಣ್ಣದೇನಲ್ಲ. ಮೊದಲು ಎರಡು ದೀಪದ ಗುಂಪು ಮೂಗಿನ ಮುಂದೆ ಬಂದು ನಿಂತವು. ಆಮೇಲೆ ಎರಡು ವಿಮಾನವಾಹಕ ಹಡಗಿನಷ್ಟು ದೊಡ್ಡ ಆಕೃತಿ ಬೆನ್ನು ಹತ್ತಿತು. ನೆಲದ ಅಪ್ಪಣೆ ಪಡೆದು ಅವರು ಕೆಳಗಿಳಿದರು, ಒಂದು ಪೂರ್ತಿ ಸುತ್ತು ಹಾಕಿದರು. ಅದು ಬಿಡಲಿಲ್ಲ. ಹತ್ತಿರದಲ್ಲಿ ಹೋಗುತ್ತಿದ್ದ ಯುನೈಟೆಡ್ ಕಂಪನಿಯ ವಿಮಾನಕ್ಕೆ, ನೆಲದಿಂದ ವಿಮಾನಗಳ ದಾರಿ ನೋಡಿಕೊಳ್ಳುವ ಕಂಟ್ರೋಲರ್‌ಗಳು ನೋಡಲು ಹೇಳಿದರು. ಅವರಿಗೆ ಕಂಡಿದ್ದು ಜಪಾನಿನ ವಿಮಾನ ಮಾತ್ರ. ಅಷ್ಟು ದೊಡ್ಡದನ್ನು ಜೊತೆಗಿದ್ದ ಸಹ ಪೈಲಟ್ಟೂ ಎಂಜಿನಿಯರೂ ಖಚಿತಪಡಿಸಲಿಲ್ಲ, ಅವರದು ದೀಪಗಳ ಲೆಕ್ಕ ಅಷ್ಟೇ. ವಿಮಾನದ ಹವಾಮಾನ ರಾಡಾರ್‌ನಲ್ಲಿ ಏಳೆಂಟು ಮೈಲಿಯಾಚೆ ಮೂಡಿದ ಗುರುತು ಹಸಿರಾಗಿತ್ತಂತೆ. ಆ ಯಂತ್ರದ ಭಾಷೆಯಲ್ಲಿ ಜೋರು ಮಳೆ ಕೆಂಪು, ತುಂತುರು ಹಸಿರು. ಎರಡು ಯುದ್ಧನೌಕೆಯಷ್ಟು ಗಾತ್ರ, ತುಂತುರಿನಷ್ಟು ಮಾರ್ದನಿ! ತನಿಖೆ ಹಿಡಿಯಬೇಕಾದ ಎಳೆ ಇದೇ ಆಗಿತ್ತು.

ಹಿಡಿದದ್ದು ಮಾತ್ರ ನೆಲದ ರಾಡಾರನ್ನು, ಅದರ ಪರದೆಯಲ್ಲಿ ವಿಮಾನದ ಬೆನ್ನಿಗೆ ಕಂಡ ಇನ್ನೊಂದು ಗುರುತನ್ನು. ಕಂಟ್ರೋಲರ್ ಪರದೆಯ ಹಿಂದೆ ಎರಡು ರಾಡಾರ್ ದುಡಿಯುತ್ತವೆ. ಪ್ರೈಮರಿ ರಾಡಾರ್ ಕೂಗು ಹಾಕಿ, ವಿಮಾನದ ಮೈಗೆ ಬಡಿದು ವಾಪಸಾದದ್ದನ್ನು ಕೇಳಿಸಿಕೊಳ್ಳುತ್ತದೆ. ಸೆಕೆಂಡರಿ ರಾಡಾರ್ 1030 ಮೆಗಾಹರ್ಟ್ಸ್‌ನಲ್ಲಿ "ಯಾರಪ್ಪಾ ನೀನು?" ಎನ್ನುತ್ತದೆ, ವಿಮಾನದ ಟ್ರಾನ್ಸ್‌ಪಾಂಡರ್ 1090ರಲ್ಲಿ ನಾಲ್ಕಂಕಿಯ ಕೋಡ್, ಎತ್ತರ ಹೇಳಿ ಕಳಿಸುತ್ತದೆ. ಎರಡೂ ಉತ್ತರ ಒಂದೇ ವಿಮಾನದ್ದೆಂದು ಕಂಪ್ಯೂಟರ್ ಜೋಡಿಸಬೇಕು. ಹೊತ್ತು ಕೂದಲೆಳೆ ತಪ್ಪಿದರೂ ಜೋಡಣೆ ಕೈಕೊಡುತ್ತದೆ: ವಿಮಾನ ಒಂದು, ಗುರುತು ಎರಡು. ರಾಡಾರ್ ಟೇಪುಗಳನ್ನು ತಿರುಗಾ ಮುರುಗಾ ನೋಡಿ, 1987ರ ಮಾರ್ಚ್ 5ರಂದು ಎಫ್‌ಎಎ ಕೊಟ್ಟ ತೀರ್ಪು ಇದೇ. ಪರದೆಯ ಮೇಲೆ ಹಿಂಬಾಲಿಸುತ್ತಿದ್ದುದು ಅದೇ 747ರ ಒಡೆದ ಬಿಂಬ.

ವಿವರಣೆಯಲ್ಲಿ ಐಬಿಲ್ಲ, ಹೀಗಾಗುವುದುಂಟು. ಆದರೆ ಪೈಲಟ್ ಆಂಕರೇಜ್‌ನ ಪರದೆ ನೋಡಿಕೊಂಡು ಕೂತಿರಲಿಲ್ಲವಲ್ಲ, ಕಿಟಕಿಯಾಚೆ ನೋಡಿದ್ದು. ಹಲ್ಲುನೋವಿಗೆ ಹೋದವನ ಚಪ್ಪಲಿ ಹೊಲಿದು ಕಳಿಸಿದ ಹಾಗಾಯಿತು. ಗುಡ್ಡ ಅಗೆದು ಇಲಿ ಹಿಡಿದಿದ್ದರೆ ಲೆಕ್ಕಕ್ಕೆ ಒಂದು ಇಲಿಯಾದರೂ ಇರುತ್ತಿತ್ತು. ಇಲ್ಲಿ ಸಿಕ್ಕಿದ್ದು ಗುಡ್ಡದ್ದೇ ನೆರಳು. ಕಿಟಕಿಯಲ್ಲಿ ಕಂಡದ್ದೇನು ಎಂದರೆ, ಎಫ್‌ಎಎ ಉತ್ತರ ಹೀಗೆ: ಖಚಿತಪಡಿಸಲಾಗದು. ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತು, ಹುಡುಕುವುದು ನಮ್ಮ ಕೆಲಸವಲ್ಲ, ಬೇರೆ ವಿಮಾನ ಅಡ್ಡ ಬಂದಿರಬಹುದೇ ಎಂದು ನೋಡಿದೆವು ಅಷ್ಟೇ, ಬಂದಿಲ್ಲ. ನಮ್ಮ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಈ ತರ್ಕ ಹೊಸದಲ್ಲ: ವಿಮಾನವಾಗಿದ್ದರೆ ಅದು ಗುರುತು ಸಿಗದ್ದಲ್ಲ, ಗುರುತು ಸಿಗದ್ದಾಗಿದ್ದರೆ ಅರ್ಜಿ ನಮ್ಮದಲ್ಲ.

ಹಾಗಾದರೆ ಅರ್ಜಿ ಎಲ್ಲಿಗೆ? ಎಫ್‌ಎಎ ಪೈಲಟ್‌ಗಳಿಗೆಂದು ಪ್ರಕಟಿಸುವ ಕೈಪಿಡಿಯಲ್ಲೇ ಇದಕ್ಕೂ ಒಂದು ಪ್ಯಾರಾ ಹಲವು ವರ್ಷ ಇತ್ತು. ಇಂಥದ್ದು ಕಂಡರೆ ಮಾಹಿತಿ ಸಂಗ್ರಹಿಸುವ ಖಾಸಗಿ ಕೇಂದ್ರಕ್ಕೆ ತಿಳಿಸಿ. ಜೀವಕ್ಕೋ ಆಸ್ತಿಗೋ ಅಪಾಯ ಅನ್ನಿಸಿದರೆ ಸ್ಥಳೀಯ ಪೊಲೀಸರಿಗೆ ದೂರು ಕೊಡಿ. 35,000 ಅಡಿ ಎತ್ತರ, ಗಂಟೆಗೆ ಒಂಬೈನೂರು ಕಿಲೋಮೀಟರ್ ವೇಗ. ದೂರು ಬರೆದು ಮುಗಿಸುವಷ್ಟರಲ್ಲಿ ವಿಮಾನ ಆ ಠಾಣೆಯ ಸರಹದ್ದು ದಾಟಿರುತ್ತದೆ.